ಬೇಲಿಯ ಬಾಗಿಲು

ಚಂದಕವಾಡಿ ಹೋಬಳಿಯ ರೈತರಿಗೆ ಕಾವಲೆಂಬುದು ಹೊಸ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು ಇಲ್ಲಿಗೆ ಬಹು ದೂರವಿಲ್ಲ. ಮುಸುಕಿನ ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಯೂ, ಬಾಳೆ ಗೊನೆ ಬಿಡುವ ಹೊತ್ತಿಗೆ ಆನೆಯೂ ಯಾರ ಕರೆಯನ್ನೂ ಕಾಯದೆ ಬಂದುಬಿಡುವುದುಂಟು. ಹಿಂದೆ ಹೊಲದ ನಡುವೆ ಅಟ್ಟಣೆ ಕಟ್ಟಿ, ಕಂಬಳಿ ಹೊದ್ದು, ತಗಡಿನ ಡಬ್ಬವನ್ನು ಬಡಿಯುತ್ತ ರಾತ್ರಿಯನ್ನು ಕಳೆಯುತ್ತಿದ್ದವರಲ್ಲಿ ಕೈಲಾದವರು ಈಗ ಸೋಲಾರ್ ಬೇಲಿಯನ್ನು ಹಾಕಿಸಿಕೊಂಡಿದ್ದಾರೆ. ಅದರ ತಂತಿಯಲ್ಲಿ ಕ್ಷಣಕ್ಕೊಮ್ಮೆ ಹರಿಯುವ ವಿದ್ಯುತ್ತು ಪ್ರಾಣವನ್ನು ತೆಗೆಯುವಂಥದಲ್ಲ. ಆದರೆ ಒಮ್ಮೆ ಮುಟ್ಟಿದವನು ಎರಡನೆಯ ಸಲ ಮುಟ್ಟುವ ಮುನ್ನ ಯೋಚಿಸುವಷ್ಟು ಪೆಟ್ಟನ್ನು ಕೊಡುತ್ತದೆ. ಈ ಬೇಲಿಯ ದೊಡ್ಡ ಗುಣವೆಂದರೆ ಅದು ನಿದ್ರಿಸುವುದಿಲ್ಲ. ದೊಡ್ಡ ದೋಷವೆಂದರೆ, ಆನೆ ಯಾವುದು, ಹೊಲದ ಒಡೆಯನು ಯಾವನು ಎಂಬ ವಿವೇಚನೆ ಅದಕ್ಕಿಲ್ಲ. ಬೆಳಗಿನಲ್ಲಿ ನೀರು ಕಟ್ಟಲು ಹೋದ ಯಜಮಾನನ ಮೊಳಕೈ ತಾಗಿದರೆ ಅವನಿಗೂ ಅದೇ ಪೆಟ್ಟು. ಬೇಲಿಯೇ ಎದ್ದು ಹೊಲವನ್ನು ಮೇಯಿತೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬೇಲಿಯು ಒಡೆಯನನ್ನೇ ಹೊಡೆಯಿತೆಂಬುದಕ್ಕೆ ಗಾದೆಯಿನ್ನೂ ಹುಟ್ಟಬೇಕಾಗಿದೆ. ಹುಟ್ಟಿದ್ದರೆ ಅದರ ಉಪಯೋಗವು ರೈತನಿಗಿಂತ ಹೆಚ್ಚಾಗಿ, ಕಂಪ್ಯೂಟರಿನ ಮುಂದೆ ಕುಳಿತು ಪ್ರೋಗ್ರಾಮು ಬರೆಯುವವನಿಗೆ ಆಗುತ್ತಿತ್ತು.

ಈ ಹೋಬಳಿಯ ಹಳ್ಳಿಯೊಂದರಲ್ಲಿ ಅಂಥ ಒಬ್ಬ ತರುಣನಿದ್ದಾನೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು 2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ, ದೇಶಕ್ಕೆಲ್ಲ ಬೀಗ ಬೀಳುವುದಕ್ಕೆ ಎರಡು ದಿನ ಮುಂಚೆ, ಒಂದು ಚೀಲ ಬಟ್ಟೆಯನ್ನೂ ಒಂದು ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಊರಿಗೆ ಬಂದನು. ಮನೆಯವರು ಅವನನ್ನು ಪ್ರೀತಿಯಿಂದಲೇ ಹೊರಕೋಣೆಯಲ್ಲಿ ಹದಿನಾಲ್ಕು ದಿನ ಕೂರಿಸಿ, ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ಕ್ವಾರಂಟೈನ್ ಎಂಬ ಮಾತು ಆ ವರ್ಷ ಅಕ್ಷರವರಿಯದ ಮುದುಕಿಯರ ಬಾಯಲ್ಲಿಯೂ ಸಲೀಸಾಗಿ ಬರುತ್ತಿದ್ದುದನ್ನು ವಾಚಕರು ಮರೆತಿರಲಾರರು. ರೋಗವಿಲ್ಲದಿದ್ದರೂ ರೋಗಿಯಂತೆ ಬೇರೆ ಕುಳಿತ ಆ ದಿನಗಳ ನೆನಪು ತರುಣನಿಗೆ ಮುಂದೆ ಬೇರೊಂದು ಸಂದರ್ಭದಲ್ಲಿ ಬಂದಿತು.

ರೋಗದ ಭಯವು ಇಳಿದ ಮೇಲೆಯೂ ಅವನು ಊರಲ್ಲಿಯೇ ನಿಂತನು. ಹಗಲೆಲ್ಲ ದೂರದ ಕಂಪೆನಿಯ ಕೆಲಸ. ಸಂಜೆ, ಅರಿಸಿನದ ಮೂಟೆಗಳನ್ನು ಒಟ್ಟಿದ ಅದೇ ಹೊರಕೋಣೆಯಲ್ಲಿ, ತನ್ನದೇ ಒಂದು ಕೆಲಸ. ಪಕ್ಕದ ಹಳ್ಳಿಯ ಹಾಲಿನ ಡೇರಿಗೆ ಅವನು ಒಂದು ಲೆಕ್ಕದ ಪ್ರೋಗ್ರಾಮನ್ನು ಬರೆಯುತ್ತಿದ್ದನು. ಡೇರಿಯ ಲೆಕ್ಕವು ಹೊರಗಿನವರು ಎಣಿಸುವಷ್ಟು ಸುಲಭವಲ್ಲ. ಒಬ್ಬೊಬ್ಬ ಸದಸ್ಯನೂ ಬೆಳಿಗ್ಗೆ ಸಂಜೆ ಎಷ್ಟು ಲೀಟರು ಹಾಕಿದನು, ಫ್ಯಾಟು ಎಷ್ಟು ಬಂದಿತು, ಅದಕ್ಕೆ ದರವೇನು, ಅವನು ಸಾಲವಾಗಿ ಒಯ್ದ ಪಶು ಆಹಾರದ ಮೂಟೆಗಳೆಷ್ಟು, ಅದರಲ್ಲಿ ಈ ಸಲ ಹಿಡಿಯತಕ್ಕದ್ದೆಷ್ಟು, ಮುಂದಿನ ಸಲಕ್ಕೆ ಬಿಡತಕ್ಕದ್ದೆಷ್ಟು, ಇವೆಲ್ಲವನ್ನೂ ಕೂಡಿ ಕಳೆದು ಬಟವಾಡೆಯ ದಿನಕ್ಕೆ ಪಟ್ಟಿ ಸಿದ್ಧವಾಗಬೇಕು. ಕಾರ್ಯದರ್ಶಿಯು ಇದಕ್ಕಾಗಿ ಎರಡು ರಾತ್ರಿ ನಿದ್ದೆಗೆಡುತ್ತಿದ್ದನು. ಆ ಎರಡು ರಾತ್ರಿಯ ನಿದ್ರೆಯನ್ನು ಅವನಿಗೆ ಉಳಿಸಿಕೊಡುವುದೇ ತರುಣನ ಉದ್ದೇಶವಾಗಿತ್ತು. ಹಣದ ಮಾತು ಇಬ್ಬರ ನಡುವೆಯೂ ಬಂದಿರಲಿಲ್ಲ.

ಪ್ರೋಗ್ರಾಮು ಬರೆಯುವುದು ಎಂದರೇನೆಂಬುದನ್ನು ಅರಿಯದವರಿಗೆ ಎರಡು ಮಾತು ಹೇಳುವುದು ಯುಕ್ತ. ಬರೆಯುವವನು ಬರೆಯುವುದು ಬರಿಯ ಅಕ್ಷರಗಳನ್ನು. ಅದು ಬೇರೆ ಯಂತ್ರಗಳಲ್ಲಿ ತಾನಾಗಿ ಓಡಬೇಕಾದರೆ, ಅದನ್ನು ಅದಕ್ಕೆ ಬೇಕಾದ ಸಾಮಗ್ರಿಗಳೊಡನೆ ಕಟ್ಟಿ, ಓಡತಕ್ಕ ಒಂದು ಫೈಲನ್ನಾಗಿ ಮಾಡಬೇಕು. ಈ ತರುಣನು ಬರೆಯುತ್ತಿದ್ದುದು ಪೈಥಾನ್ ಎಂಬ ಭಾಷೆಯಲ್ಲಿ; ಕಟ್ಟುತ್ತಿದ್ದುದು ಪೈಇನ್‌ಸ್ಟಾಲರ್ ಎಂಬ ಸಾಧನದಿಂದ. ಒಂದು ಸಾಲನ್ನು ತಿದ್ದುವುದು, ಕಟ್ಟುವುದು, ಓಡಿಸಿ ನೋಡುವುದು, ಮತ್ತೆ ತಿದ್ದುವುದು: ದಿನಕ್ಕೆ ಮೂವತ್ತು ನಲವತ್ತು ಸಲ ಇದೇ ಕೆಲಸ. ನೇಕಾರನ ಲಾಳಿಯು ಅತ್ತಿಂದಿತ್ತ ಓಡುವಂತೆ ಮನಸ್ಸೂ ಈ ಎರಡು ತುದಿಗಳ ನಡುವೆ ತಡೆಯಿಲ್ಲದೆ ಓಡುತ್ತಿದ್ದರೆ ಮಾತ್ರ ಕೆಲಸವು ಸಾಗುತ್ತದೆ. ನಡುವೆ ಯಾರಾದರೂ ನೂಲನ್ನು ಹಿಡಿದುಕೊಂಡರೆ ಎಲ್ಲವೂ ನಿಂತಿತು.

ಹಿಡಿದುಕೊಳ್ಳುತ್ತಿದ್ದುದು ಯಂತ್ರದೊಳಗಿನ ಕಾವಲುಗಾರನೇ. ಆಂಟಿವೈರಸ್ ಎಂದು ಲೋಕವು ಕರೆಯುವ ತಂತ್ರಾಂಶವಿದು. ವೈರಸ್ಸಿಗೆ ಕನ್ನಡದಲ್ಲಿ ವೈರಾಣುವೆಂಬ ಶಬ್ದವು ಒದಗಿದ್ದು ಒಂದು ಸೊಗಸಾದ ಆಕಸ್ಮಿಕ; ಮೂಲದ ಧ್ವನಿಯೂ ಉಳಿಯಿತು, ವೈರಿಯ ಅರ್ಥವೂ ಸೇರಿತು. ಯಾವ ಫೈಲನ್ನು ಯಾರು ತೆರೆದರೂ, ಬರೆದರೂ, ಓಡಿಸಿದರೂ ಈ ಕಾವಲುಗಾರನು ನಡುವೆ ನಿಂತು ಮೊದಲು ತಾನು ನೋಡುತ್ತಾನೆ. ಸಾಮಾನ್ಯರು ದಿನಕ್ಕೆ ಹತ್ತೋ ಇಪ್ಪತ್ತೋ ಫೈಲುಗಳನ್ನು ತೆರೆಯುವವರಾದುದರಿಂದ ಅವರಿಗೆ ಇದು ತಿಳಿಯುವುದೇ ಇಲ್ಲ. ಪ್ರೋಗ್ರಾಮನ್ನು ಕಟ್ಟುವಾಗಲಾದರೋ ಸಾವಿರಾರು ಸಣ್ಣ ಫೈಲುಗಳು ಹುಟ್ಟುತ್ತವೆ, ಅಳಿಯುತ್ತವೆ, ಹೆಸರು ಬದಲಿಸುತ್ತವೆ. ಒಂದೊಂದನ್ನೂ ಕಾವಲುಗಾರನು ಕೈಗೆತ್ತಿಕೊಂಡು ನೋಡಿದರೆ ಒಂದು ನಿಮಿಷದ ಕೆಲಸಕ್ಕೆ ನಾಲ್ಕು ನಿಮಿಷವಾದರೂ ಆಶ್ಚರ್ಯವಿಲ್ಲ. ಅದಕ್ಕಿಂತ ಕಿರುಕುಳವಾದುದು ಇನ್ನೊಂದು. ಕಟ್ಟುವ ಸಾಧನವು ಈಗತಾನೆ ಬರೆದ ಫೈಲಿಗೆ ಕೊನೆಯ ಕೈ ಹಾಕಬೇಕೆನ್ನುವ ಕ್ಷಣದಲ್ಲಿ ಅದು ಕಾವಲುಗಾರನ ಕೈಯಲ್ಲಿರುತ್ತದೆ. ಸಾಧನವು ಅನುಮತಿಯಿಲ್ಲವೆಂದು ಹೇಳಿ ನಿಂತುಬಿಡುತ್ತದೆ. ಮತ್ತೊಮ್ಮೆ ಕಟ್ಟಿದರೆ ಏನೂ ಆಗದವರಂತೆ ಕೆಲಸವು ಮುಗಿಯುತ್ತದೆ. ತಪ್ಪು ತನ್ನ ಬರೆಹದಲ್ಲಿದೆಯೋ ಎಂದು ಹುಡುಕುತ್ತ ಎಷ್ಟೋ ತರುಣರು ಎಷ್ಟೋ ರಾತ್ರಿಗಳನ್ನು ಇದರಲ್ಲಿ ಕಳೆದಿದ್ದಾರೆ.

ಒಂದು ಸಂಜೆ ಹೀಗಾಯಿತು. ಪಶು ಆಹಾರದ ಸಾಲವನ್ನು ಕಳೆಯುವ ಭಾಗವು ಸರಿಯಾಗಿ ಬಂದಿತೆಂದು ತರುಣನು ಸಂತೋಷದಿಂದ ಕಟ್ಟಿದನು. ಫೈಲು ಕಾಣಿಸಿಕೊಂಡಿತು. ಓಡಿಸಲು ಕೈಯೆತ್ತುವಷ್ಟರಲ್ಲಿ ಕಾಣೆಯಾಯಿತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪ್ರಕಟಣೆ: ಅಪಾಯವು ಪತ್ತೆಯಾಗಿದೆ, ಕ್ವಾರಂಟೈನಿನಲ್ಲಿ ಇಡಲಾಗಿದೆ, ನೀವು ಏನನ್ನೂ ಮಾಡಬೇಕಾಗಿಲ್ಲ. ತಾನೇ ಅಕ್ಷರ ಅಕ್ಷರವಾಗಿ ಬರೆದುದಕ್ಕೆ ಟ್ರೋಜನ್ ಎಂಬ ಹೆಸರನ್ನು ಇಟ್ಟುದನ್ನು ನೋಡಿ ಅವನಿಗೆ ನಗುವೂ ಬಂದಿತು, ಕೋಪವೂ ಬಂದಿತು. ಹೊಸ್ತಿಲಲ್ಲಿ ತಟ್ಟೆಯಿಟ್ಟು ಸರಿಯುತ್ತಿದ್ದ ತಾಯಿಯ ಮುಖವು ನೆನಪಾದುದು ಆಗಲೇ.

ಕಾವಲುಗಾರನು ಮೂರ್ಖನೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಅವನು ಕಳ್ಳನನ್ನು ಗುರುತಿಸುವ ಬಗೆಯನ್ನು ನೋಡಬೇಕು. ಹಿಂದೆ ಸಿಕ್ಕಿಬಿದ್ದ ಕಳ್ಳರ ಬೆರಳಚ್ಚುಗಳ ಪಟ್ಟಿಯೊಂದು ಅವನಲ್ಲಿರುತ್ತದೆ. ಅದರೊಡನೆ ತಾಳೆ ನೋಡುವುದು ಹಳೆಯ ಕ್ರಮ. ಹೊಸ ಕಳ್ಳನ ಬೆರಳು ಪಟ್ಟಿಯಲ್ಲಿರುವುದಿಲ್ಲವಾದ್ದರಿಂದ ನಡೆನುಡಿಯನ್ನು ನೋಡುವುದು ಎರಡನೆಯದು: ಗಂಟು ಕಟ್ಟಿಕೊಂಡು ಬಂದವನೇ, ಬಂದೊಡನೆ ಗಂಟನ್ನು ಬಿಚ್ಚಿ ಒಳಗಿನಿಂದ ಬೇರೊಬ್ಬನನ್ನು ಹೊರತೆಗೆಯುತ್ತಾನೆಯೇ? ಮೂರನೆಯದು ಪರಿಚಯದ ಪ್ರಶ್ನೆ: ಇವನನ್ನು ಇದುವರೆಗೆ ಎಷ್ಟು ಮನೆಗಳವರು ಕಂಡಿದ್ದಾರೆ, ಇವನ ಕೈಯಲ್ಲಿ ಬಲ್ಲವರ ಸಹಿಯುಳ್ಳ ಚೀಟಿಯಿದೆಯೇ? ಈ ಮೂರು ಪರೀಕ್ಷೆಗಳಲ್ಲಿ ಪ್ರೋಗ್ರಾಮುಗಾರನ ಫೈಲಿನ ಗತಿಯೇನು? ಒಂದು ಸಾಲು ತಿದ್ದಿ ಕಟ್ಟಿದರೆ ಅದು ಜಗತ್ತಿನಲ್ಲಿ ಅದುವರೆಗೆ ಎಲ್ಲಿಯೂ ಇಲ್ಲದಿದ್ದ ಫೈಲು. ಅದನ್ನು ಕಂಡವರು ಒಬ್ಬರೂ ಇಲ್ಲ. ಅದಕ್ಕೆ ಸಹಿಯಿಲ್ಲ. ಇನ್ನು ಪೈಇನ್‌ಸ್ಟಾಲರ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಅಡಗಿಸಿ ಕಟ್ಟಿದಾಗ, ಆ ಫೈಲು ಓಡಿದೊಡನೆ ತನ್ನ ಗಂಟನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿ ಒಳಗಿನದನ್ನು ಹೊರತೆಗೆಯುತ್ತದೆ. ಇದಕ್ಕೆ ಬಳಸುವ ಮುಂಭಾಗದ ತುಣುಕು ಎಲ್ಲರಿಗೂ ಒಂದೇ. ದುಷ್ಟ ಪ್ರೋಗ್ರಾಮುಗಳನ್ನು ಬರೆಯುವವರೂ ಅದನ್ನೇ ಬಳಸಿರುವುದರಿಂದ ಆ ತುಣುಕಿನ ಮುಖಪರಿಚಯ ಕಾವಲುಗಾರನಿಗೆ ಕೆಟ್ಟ ಸಹವಾಸದಲ್ಲಿಯೇ ಆಗಿರುತ್ತದೆ. ಕಳ್ಳನೂ ಸಾಧುವೂ ಒಂದೇ ಅಂಗಡಿಯಲ್ಲಿ ಕಂಬಳಿ ಕೊಂಡಂತಾಯಿತು. ಗೋ ಎಂಬ ಭಾಷೆಯಲ್ಲಿ ಬರೆಯುವವರಿಗೂ ಇದೇ ಪಾಡು. ಅದನ್ನು ರೂಪಿಸಿದವರು ತಮ್ಮ ಪ್ರಶ್ನೋತ್ತರ ಮಾಲೆಯಲ್ಲಿ ಇದಕ್ಕೆಂದೇ ಒಂದು ಉತ್ತರವನ್ನು ಬರೆದಿಟ್ಟಿದ್ದಾರೆ.

ಪರಿಪೂರ್ಣನಾದ ಕಾವಲುಗಾರನನ್ನು ಏಕೆ ಮಾಡಬಾರದೆಂದು ಯಾರಾದರೂ ಕೇಳಬಹುದು. ಮಾಡಲಾಗದೆಂದು 1984ರಷ್ಟು ಹಿಂದೆಯೇ ಅಮೆರಿಕದ ಫ್ರೆಡ್ ಕೋಹೆನ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ಅವನ ವಾದವು ಕೇಳಲು ಒಗಟಿನಂತಿದೆ. ಯಾವ ಪ್ರೋಗ್ರಾಮನ್ನು ಕೊಟ್ಟರೂ ಇದು ವೈರಸ್ಸು, ಇದು ಅಲ್ಲ ಎಂದು ತಪ್ಪದೆ ಹೇಳುವ ಪರೀಕ್ಷಕನೊಬ್ಬನು ಇದ್ದಾನೆಂದು ಇಟ್ಟುಕೊಳ್ಳೋಣ. ಆಗ ಒಬ್ಬ ಕುಚೇಷ್ಟೆಗಾರನು ಒಂದು ಪ್ರೋಗ್ರಾಮನ್ನು ಬರೆಯುತ್ತಾನೆ. ಅದು ಮೊದಲು ಆ ಪರೀಕ್ಷಕನನ್ನೇ ಕರೆದು ತನ್ನ ವಿಷಯವನ್ನು ಕೇಳುತ್ತದೆ. ನೀನು ವೈರಸ್ಸು ಎಂದರೆ ಸುಮ್ಮನಿರುತ್ತದೆ. ಅಲ್ಲ ಎಂದರೆ ಹರಡತೊಡಗುತ್ತದೆ. ಪರೀಕ್ಷಕನು ಏನನ್ನು ಹೇಳಿದರೂ ಅದು ಸುಳ್ಳು! ಹೀಗಿರುವಾಗ ಎಲ್ಲ ಕಾವಲೂ ಊಹೆಯ ಕಾವಲೇ; ಒಂದೋ ಕೆಲವು ಕಳ್ಳರನ್ನು ಬಿಡಬೇಕು, ಇಲ್ಲವೇ ಕೆಲವು ಸಾಧುಗಳನ್ನು ಹಿಡಿಯಬೇಕು. ವ್ಯಾಪಾರಕ್ಕಾಗಿ ಕಾವಲು ಮಾರುವವನು ಎರಡನೆಯದನ್ನು ಆರಿಸಿಕೊಂಡರೆ ಅದರಲ್ಲಿ ಅರ್ಥವಾಗದ್ದೇನೂ ಇಲ್ಲ. ಕಳ್ಳನನ್ನು ಬಿಟ್ಟರೆ ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಒಬ್ಬ ಹಳ್ಳಿಯ ಹುಡುಗನ ಫೈಲನ್ನು ಹಿಡಿದರೆ ಕೇಳುವವರು ಯಾರು?

ಕಾವಲು, ಕಳ್ಳತನ ಎಂಬಿವು ಈ ಪ್ರಪಂಚದಲ್ಲಿ ಮೊದಲಿನಿಂದಲೂ ಒಂದರೊಡನೊಂದು ಹೆಣೆದುಕೊಂಡು ಬಂದಿವೆ. ಐ.ಬಿ.ಎಂ. ಮಾದರಿಯ ಪಿ.ಸಿ.ಗಳಲ್ಲಿ ಹರಡಿದ ಮೊಟ್ಟಮೊದಲ ವೈರಸ್ಸೆಂದು ಹೆಸರಾದ ಬ್ರೇನ್, 1986ರಲ್ಲಿ ಲಾಹೋರಿನಿಂದ ಹೊರಟಿತು. ಅದನ್ನು ಬರೆದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಟೆಲಿಫೋನ್ ನಂಬರುಗಳನ್ನು ಸಹ ಬರೆದಿದ್ದರು. ತಾವು ಬರೆದ ಪ್ರೋಗ್ರಾಮನ್ನು ಜನರು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಾರೆಂದು ಅದಕ್ಕೆ ಕಾವಲಾಗಿ ಇದನ್ನು ಬಿಟ್ಟೆವೆಂಬುದು ಅವರ ಹೇಳಿಕೆ. ಎಂದರೆ ಮೊದಲ ಕಳ್ಳನೂ ಒಬ್ಬ ಕಾವಲುಗಾರನೇ! ಆಮೇಲೆ ನಿಜವಾದ ಕಾವಲುಗಾರರು ಹುಟ್ಟಿಕೊಂಡರು. ಪುಣೆಯಲ್ಲಿ ಕ್ಯಾಲ್ಕುಲೇಟರು ರಿಪೇರಿಯಿಂದ ಕೆಲಸ ಮೊದಲುಮಾಡಿದ ಕೈಲಾಸ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ ಕಾಟ್ಕರ್ 1990ರ ದಶಕದ ನಡುವಿನಲ್ಲಿ ಹೊರತಂದ ಕ್ವಿಕ್ ಹೀಲ್, ಈ ನಾಡಿನ ಸೈಬರ್ ಅಂಗಡಿಗಳಲ್ಲಿಯೂ ಶಾಲೆಗಳ ಕಂಪ್ಯೂಟರು ಕೋಣೆಗಳಲ್ಲಿಯೂ ಕಂಡ ಹೆಸರು.

ದೊಡ್ಡ ಕಾವಲುಗಾರರೂ ದೊಡ್ಡದಾಗಿಯೇ ಎಡವಿದ್ದುಂಟು. 2010ರ ಏಪ್ರಿಲ್ 21ರಂದು ಮೆಕಾಫಿಯ ಹೊಸ ಪಟ್ಟಿಯೊಂದು ವಿಂಡೋಸ್ ಎಕ್ಸ್‌ಪಿಯ ಅತಿ ಮುಖ್ಯವಾದ ಫೈಲೊಂದನ್ನು ಕಳ್ಳನೆಂದು ಹಿಡಿಯಿತು. ಯಂತ್ರಗಳು ಆರಿ ಹತ್ತಿ, ಮತ್ತೆ ಆರಿ ಹತ್ತಿ, ಕೆಲಸಕ್ಕೆ ಬಾರದಾದವು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ತನ್ನದೇ ಆದ ನವೀಕರಣದ ಭಾಗವನ್ನು ಹಿಡಿದು ಹಾಕಿತು. ತನ್ನ ಕೈಗೆ ತಾನೇ ಬೇಡಿ ಹಾಕಿಕೊಂಡ ಪೇದೆಯ ಕಥೆಯು ಇದಕ್ಕಿಂತ ಬೇರೆಯಾಗಿರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪೆನಿಯು ಕಳುಹಿಸಿದ ಒಂದು ದೋಷಯುಕ್ತವಾದ ಫೈಲಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಯನ್ನು ತೋರಿಸುತ್ತ ನಿಂತವು. ಅಂದು ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರೆಹದ ಚೀಟಿಗಳನ್ನು ಕೊಟ್ಟು ವಿಮಾನ ಹತ್ತಿಸಿದರು. ಇವನ್ನು ಓದಿದವನಿಗೆ ಈ ಕಾವಲೇ ಬೇಡವೆನ್ನಿಸುವುದು ಸಹಜ.

ತರುಣನಿಗೂ ಹಾಗೆಯೇ ಅನ್ನಿಸಿತು. ಒಂದು ಗುಂಡಿಯನ್ನು ಒತ್ತಿದರೆ ಕಾವಲುಗಾರನು ಸುಮ್ಮನಾಗುತ್ತಾನೆ. ವೃತ್ತಿಯಲ್ಲಿರುವ ಬಹುಮಂದಿ ಮಾಡುವುದೂ ಅದನ್ನೇ. ಆ ಹೊತ್ತಿನಲ್ಲಿ ಅವನ ಕಣ್ಣ ಮುಂದೆ ಬಂದುದು ತಂದೆಯ ಹೊಲದ ಬೇಲಿ. ತಂದೆಯು ದಿನವೂ ಆ ಬೇಲಿಯನ್ನು ದಾಟಿ ಹೋಗುತ್ತಾನೆ. ಹೋಗುವಾಗ ಬ್ಯಾಟರಿಯ ಪೆಟ್ಟಿಗೆಯನ್ನು ಆರಿಸುವುದಿಲ್ಲ. ದಾರಿಯ ಬಳಿ ತಂತಿಯ ಒಂದು ಮಾರಿನಷ್ಟು ಭಾಗಕ್ಕೆ ಪ್ಲಾಸ್ಟಿಕ್ಕಿನ ಹಿಡಿಯುಳ್ಳ ಕೊಕ್ಕೆಯಿದೆ. ಆ ಹಿಡಿಯನ್ನು ಹಿಡಿದು ಕೊಕ್ಕೆಯನ್ನು ಬಿಚ್ಚಿ, ಒಳಗೆ ಹೋಗಿ, ಮತ್ತೆ ಸಿಕ್ಕಿಸುತ್ತಾನೆ. ಉಳಿದ ಬೇಲಿಯು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಅಂಥ ಕೊಕ್ಕೆಯು ಕಾವಲು ತಂತ್ರಾಂಶಗಳಲ್ಲಿಯೂ ಉಂಟು. ವಿಂಡೋಸಿನ ಜೊತೆಗೆ ಬರುವ ಡಿಫೆಂಡರನ್ನು ಉದಾಹರಣೆಗೆ ತೆಗೆದುಕೊಂಡರೆ, ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಎಂಬಲ್ಲಿಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಎಂಬುದರ ಕೆಳತುದಿಯಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಮಾತನ್ನು ಕಾಣಬಹುದು. ಇದಕ್ಕೆ ಯಂತ್ರದ ಮೇಲಧಿಕಾರವುಳ್ಳವನ ಅನುಮತಿ ಬೇಕು. ಇಲ್ಲಿ ಒಂದು ಫೈಲನ್ನೋ, ಒಂದು ಫೋಲ್ಡರನ್ನೋ, ಒಂದು ಜಾತಿಯ ಫೈಲುಗಳನ್ನೋ, ಒಂದು ಪ್ರೋಗ್ರಾಮು ತೆರೆಯುವ ಫೈಲುಗಳನ್ನೋ ಕಾವಲಿನಿಂದ ಹೊರಗಿಡಬಹುದು. ಫೋಲ್ಡರನ್ನು ಹೊರಗಿಟ್ಟರೆ ಅದರೊಳಗಿನ ಫೋಲ್ಡರುಗಳೆಲ್ಲವೂ ಹೊರಗಾಗುತ್ತವೆ. ಆದುದರಿಂದ ಅವಸರದಲ್ಲಿ ಡಿ ಡ್ರೈವನ್ನೇ ಹೊರಗಿಟ್ಟವನು ಕೊಕ್ಕೆಯನ್ನಲ್ಲ, ಬೇಲಿಯ ಒಂದು ಇಡೀ ಮಗ್ಗುಲನ್ನು ಕಿತ್ತಂತೆ. ಓಡತಕ್ಕ ಫೈಲುಗಳ ಜಾತಿಯನ್ನೇ ಹೊರಗಿಟ್ಟವನು ಆನೆಗಳಿಗೆಲ್ಲ ರಹದಾರಿ ಬರೆದುಕೊಟ್ಟಂತೆ. ಪೈಥಾನನ್ನು ಹೊರಗಿಡುವುದೂ ಅಷ್ಟೇನೂ ಒಳ್ಳೆಯದಲ್ಲ. ಆಗ ಪೈಥಾನಿನಲ್ಲಿ ಯಾರು ಬರೆದ ಯಾವ ಪ್ರೋಗ್ರಾಮು ತೆರೆಯುವ ಫೈಲೂ ತೆರೆಯುವ ಹೊತ್ತಿನ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ.

ತರುಣನು ಮಾಡಿದುದು ಇಷ್ಟು. ತನ್ನ ಕೆಲಸಕ್ಕೆಂದು ಒಂದು ಫೋಲ್ಡರನ್ನು ಮಾಡಿ, ಅದರೊಳಗೆ ಕಟ್ಟಿದ ಫೈಲುಗಳು ಹುಟ್ಟುವ ಒಂದು ಒಳಫೋಲ್ಡರನ್ನು ಮಾತ್ರ ಕಾವಲಿನಿಂದ ಹೊರಗಿಟ್ಟನು. ಹೊರಗಿನಿಂದ ಇಳಿಸಿಕೊಂಡ ಯಾವುದನ್ನೂ ಅಲ್ಲಿಗೆ ತರುವುದಿಲ್ಲವೆಂದು ನಿಯಮ ಮಾಡಿಕೊಂಡನು. ಆದರೆ ಇಲ್ಲಿಯೂ ಒಂದು ತೊಡಕು. ಒಂದೇ ಫೈಲಾಗಿ ಕಟ್ಟಿದ ಪ್ರೋಗ್ರಾಮು ತನ್ನ ಗಂಟನ್ನು ಬಿಚ್ಚುವುದು ಯಂತ್ರದ ತಾತ್ಕಾಲಿಕ ಫೋಲ್ಡರಿನಲ್ಲಿ. ಅದನ್ನು ಹೊರಗಿಡುವಂತಿಲ್ಲ, ಏಕೆಂದರೆ ಅದು ಊರ ಹೆದ್ದಾರಿ, ಕಳ್ಳನು ಬರುವುದೂ ಅದರಲ್ಲಿಯೇ. ಆದುದರಿಂದ ಅವನು ಒಂದೇ ಫೈಲಿನ ಮೋಹವನ್ನು ಬಿಟ್ಟು, ಸಾಮಗ್ರಿಗಳೆಲ್ಲ ಬಿಡಿಬಿಡಿಯಾಗಿ ಕಾಣುವ ಫೋಲ್ಡರಾಗಿ ಕಟ್ಟತೊಡಗಿದನು. ನೋಡಲು ಅಂದವಿಲ್ಲ, ಆದರೆ ಗಂಟೂ ಇಲ್ಲ, ಗಂಟಿನ ಸಂಶಯವೂ ಅಷ್ಟರ ಮಟ್ಟಿಗೆ ಕಡಿಮೆ. 2023ರಲ್ಲಿ ವಿಂಡೋಸ್ 11ಕ್ಕೆ ಡೆವ್ ಡ್ರೈವ್ ಎಂಬ ಪ್ರೋಗ್ರಾಮುಗಾರರ ವಿಭಾಗವೊಂದು ಬಂದಿದೆ. ಅಲ್ಲಿ ಡಿಫೆಂಡರು ಫೈಲನ್ನು ತಡೆದು ನಿಲ್ಲಿಸದೆ, ತೆರೆದು ಹೋಗಲು ಬಿಟ್ಟು, ಹಿಂದಿನಿಂದ ಪರೀಕ್ಷಿಸುತ್ತದೆ. ಅದಕ್ಕೆ ಕನಿಷ್ಠ 50 ಜಿ.ಬಿ. ಜಾಗ ಬೇಕು. ತರುಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಅಷ್ಟು ಬಿಡುವಿರಲಿಲ್ಲ.

ಹೊರಗಿಟ್ಟ ಫೋಲ್ಡರಿನಲ್ಲಿ ತಾನು ಬರೆದುದು ಮಾತ್ರ ಇರುತ್ತದೆ, ಭಯವೇನು ಎಂಬ ಧೈರ್ಯವೂ ಪೂರ್ತಿಯಾಗಿ ಸಲ್ಲದು. 2009ರ ಆಗಸ್ಟಿನಲ್ಲಿ ಇಂಡಕ್ ಎಂಬ ವೈರಸ್ಸು ಬೆಳಕಿಗೆ ಬಂದಿತು. ಅದು ಡೆಲ್ಫಿಯೆಂಬ ಸಾಧನದಿಂದ ಪ್ರೋಗ್ರಾಮು ಬರೆಯುವವರನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಅವರ ಸಾಧನದ ಒಂದು ಮೂಲಭಾಗವನ್ನು ತಿದ್ದಿಡುತ್ತಿತ್ತು. ಆಮೇಲೆ ಅವರು ಕಟ್ಟಿದ ಪ್ರೋಗ್ರಾಮುಗಳಲ್ಲೆಲ್ಲ ತಾನೂ ಸೇರಿಕೊಳ್ಳುತ್ತಿತ್ತು. ಬರೆದವನು ಸಾಧು, ಬರೆಹವು ನಿರ್ದೋಷ, ಕಟ್ಟಿದ ಫೈಲು ಮಾತ್ರ ಸೋಂಕಿನದು. ಕಾವಲುಗಾರನು ಅಂಥ ಫೈಲನ್ನು ಹಿಡಿದಾಗ, ಇದು ನನ್ನದೇ ಕೆಲಸ, ನಿನ್ನದೇ ತಪ್ಪು ಎಂದು ಎಷ್ಟು ಜನ ಸಾಧುಗಳು ಅವನನ್ನು ಗದರಿದ್ದರೋ! ಪುಣ್ಯಕ್ಕೆ ಅದರ ಮೊದಲ ರೂಪವು ಹರಡುವುದನ್ನು ಬಿಟ್ಟು ಬೇರೆ ಕೇಡನ್ನು ಮಾಡಲಿಲ್ಲ. ಇನ್ನು ಕೆಲವು ದುಷ್ಟ ಪ್ರೋಗ್ರಾಮುಗಳು ಒಳಗೆ ಬಂದೊಡನೆ ಮಾಡುವ ಮೊದಲ ಕೆಲಸವೇ ಹೊರಗಿಡುವ ಪಟ್ಟಿಯಲ್ಲಿ ತಮ್ಮ ಫೋಲ್ಡರಿನ ಹೆಸರನ್ನು ಬರೆದುಕೊಳ್ಳುವುದು. ಆದುದರಿಂದ ಆ ಪಟ್ಟಿಯನ್ನು ಆಗಾಗ ತೆರೆದು, ತಾನು ಬರೆಯದ ಹೆಸರು ಅಲ್ಲಿದೆಯೇ ಎಂದು ನೋಡತಕ್ಕದ್ದು. ತರುಣನು ತನ್ನ ಫೈಲನ್ನು ಬೇರೆಯವರಿಗೆ ಕೊಡುವ ಮೊದಲು ಹೊರಗಿಟ್ಟ ಫೋಲ್ಡರಿನಿಂದ ಅದನ್ನು ಹೊರಕ್ಕೆ ತಂದು, ಕಾವಲುಗಾರನ ಕೈಯಿಂದಲೇ ಪರೀಕ್ಷೆ ಮಾಡಿಸುತ್ತಿದ್ದನು.

ಇಷ್ಟೆಲ್ಲ ಆದರೂ ಕಷ್ಟವು ಬಂದುದು ಅವನ ಮನೆಯಲ್ಲಲ್ಲ, ಡೇರಿಯಲ್ಲಿ. ಮೂರು ಬಟವಾಡೆಗಳು ಸುಸೂತ್ರವಾಗಿ ನಡೆದವು. ಪಶು ಆಹಾರದ ಬೆಲೆ ಏರಿತು. ತರುಣನು ಪ್ರೋಗ್ರಾಮಿನಲ್ಲಿ ಆ ಅಂಕಿಯನ್ನು ತಿದ್ದಿ, ಮತ್ತೆ ಕಟ್ಟಿ, ಪೆನ್ ಡ್ರೈವಿನಲ್ಲಿ ಕೊಟ್ಟನು. ಡೇರಿಯ ಯಂತ್ರದಲ್ಲಿದ್ದುದು ಬೇರೆ ಕಂಪೆನಿಯ ಕಾವಲು. ನಾಲ್ಕನೆಯ ಬಟವಾಡೆಯ ಹಿಂದಿನ ದಿನ ಕಾರ್ಯದರ್ಶಿಯು ಪ್ರೋಗ್ರಾಮನ್ನು ತೆರೆಯಲು ಹೋದರೆ ಅದು ಅಲ್ಲಿರಲಿಲ್ಲ. ಅವನು ಫೋನು ಮಾಡಿದನು.

“ಅದನ್ನ ಒಂದ್ ಗಳಿಗೆ ಆಫ್ ಮಾಡ್ಬುಟ್ರೆ ಆಯ್ತಲ್ವ, ತಮ್ಮ? ಎಲ್ಲಿ ಒತ್ಬೇಕು ಹೇಳು, ನಾನೇ ಒತ್ತೀನಿ. ನಾಳೆ ಜನ ಬಂದು ನಿಂತ್ಕತಾರೆ.”

ತರುಣನು ಬಹಳ ಹೊತ್ತು ಮಾತಾಡಲಿಲ್ಲ. ಒತ್ತಬೇಕಾದ ಸ್ಥಳವನ್ನು ಅವನು ಬಲ್ಲನು. ತನ್ನ ಫೈಲಿನಲ್ಲಿ ಕೇಡಿಲ್ಲವೆಂಬುದನ್ನೂ ಬಲ್ಲನು. ಆದರೆ ಆ ಯಂತ್ರವನ್ನೂ ಅವನು ಬಲ್ಲನು. ಪಂಚಾಯಿತಿಯ ಕಾಗದ ಪತ್ರ ಅಚ್ಚು ಹಾಕಿಸಲು, ಮದುವೆಯ ಫೋಟೋ ನೋಡಲು, ಯಾರೆಂದರವರು ಪೆನ್ ಡ್ರೈವು ತಂದು ಅದಕ್ಕೆ ಚುಚ್ಚುತ್ತಿದ್ದರು. ಒಮ್ಮೆ ಒತ್ತಲು ಕಲಿತ ಬೆರಳು ಮುಂದಿನ ಸಲ ಕೇಳದೆಯೇ ಒತ್ತುತ್ತದೆ.

“ಬ್ಯಾಡ ಅಣ್ಣ. ನನ್ ಮಿಷನ್ನಾಗಿದ್ರೆ ಬೇರೆ ಮಾತು. ಅದ್ರಲ್ಲಿ ಎಲ್ಲರ ಬ್ಯಾಂಕ್ ನಂಬರ್ ಅವೆ. ಈ ಸಲ ಪುಸ್ತಕದಲ್ಲೇ ಮಾಡವ, ನಾನೂ ಬತ್ತೀನಿ.”

ತನ್ನ ಹೊಲದ ಕೊಕ್ಕೆಯನ್ನು ತಾನು ಬಿಚ್ಚುವುದು ಬೇರೆ. ಪಕ್ಕದ ಹೊಲದವನಿಗೆ ನಿನ್ನ ಬೇಲಿಯನ್ನು ಆರಿಸೆಂದು ಹೇಳುವುದು ಬೇರೆ. ಈ ಭೇದವನ್ನು ಅರಿಯದ ಪ್ರೋಗ್ರಾಮುಗಾರರು ಬಹುಮಂದಿ ಇದ್ದಾರೆ. ನಮ್ಮ ತಂತ್ರಾಂಶವನ್ನು ಹಾಕುವ ಮೊದಲು ಆಂಟಿವೈರಸ್ಸನ್ನು ನಿಲ್ಲಿಸತಕ್ಕದ್ದೆಂದು ದೊಡ್ಡ ದೊಡ್ಡ ಕಂಪೆನಿಗಳ ಸೂಚನಾಪತ್ರಗಳಲ್ಲಿಯೂ ಬರೆದಿರುವುದನ್ನು ಕಾಣಬಹುದು. ಕಳ್ಳನೂ ಅದನ್ನೇ ಹೇಳುತ್ತಾನೆಂಬುದು ಅವರಿಗೆ ಹೊಳೆದಂತಿಲ್ಲ.

ಆ ರಾತ್ರಿಯೂ ಮರುರಾತ್ರಿಯೂ ಇಬ್ಬರೂ ಡೇರಿಯ ಮೇಜಿನ ಮುಂದೆ ಕುಳಿತು ಹಳೆಯ ಪುಸ್ತಕದಲ್ಲಿ ಲೆಕ್ಕ ಮಾಡಿದರು. ಬಟವಾಡೆಯು ಎರಡು ದಿನ ತಡವಾಯಿತು. ಒಂದೇ ಹಸುವಿನ ಹಾಲಿನಲ್ಲಿ ದಿನ ನೂಕುತ್ತಿದ್ದ ಒಬ್ಬ ಹೆಂಗಸು ಎರಡು ದಿನವೂ ಬಂದು ಬಾಗಿಲಲ್ಲಿ ಕುಳಿತು ಹೋದಳು, ಏನನ್ನೂ ಅನ್ನಲಿಲ್ಲ. ಅನ್ನುವವರು ಅಂದರು. ತರುಣನ ತಂದೆಯೂ ಅದೇ ಡೇರಿಗೆ ಹಾಲು ಹಾಕುವವನು. ಅವನು ಮಗನಿಗೆ, “ನಿನ್ ಮಿಷನ್ಗಿಂತ ಆ ಪುಸ್ತಕವೇ ವಾಸಿ ಕಣ್ಲಾ” ಎಂದು ಹೇಳಿ ಊಟಕ್ಕೆ ಕುಳಿತನು. ಮಗನು ಬೇಲಿಯ ಕೊಕ್ಕೆಯ ವಿಷಯವನ್ನು ಎತ್ತಿ ವಾದಿಸಬಹುದಾಗಿತ್ತು, ವಾದಿಸಲಿಲ್ಲ.

ಮೊದಲ ರಾತ್ರಿಯೇ ಅವನು ಆ ಕಾವಲು ಕಂಪೆನಿಗೆ ತನ್ನ ಫೈಲನ್ನು ಕಳುಹಿಸಿ, ಇದು ಇಂಥ ಕೆಲಸದ ಪ್ರೋಗ್ರಾಮು, ಇದನ್ನು ಬರೆದವನು ತಾನು, ದಯವಿಟ್ಟು ಪರೀಕ್ಷಿಸಬೇಕೆಂದು ಬರೆದಿದ್ದನು. ಹೆಸರಾದ ಕಾವಲು ಕಂಪೆನಿಗಳು ಬಹುಮಟ್ಟಿಗೆ ಹೀಗೆ ದೂರನ್ನು ಸ್ವೀಕರಿಸಲು ಒಂದು ಸ್ಥಳವನ್ನಿಟ್ಟಿವೆ. ತಿಳಿದವರು ಕಡಿಮೆ, ತಿಳಿದೂ ಕೋಪದಲ್ಲಿ ಕಾವಲನ್ನು ಆರಿಸಿ ಸುಮ್ಮನಾಗುವವರೇ ಹೆಚ್ಚು. ನಾಲ್ಕನೆಯ ದಿನ ಉತ್ತರ ಬಂದಿತು: ಫೈಲು ನಿರ್ದೋಷವಾಗಿದೆ, ಪಟ್ಟಿಯನ್ನು ತಿದ್ದಲಾಗಿದೆ. ಅಂದಿನ ಸಂಜೆಯ ನವೀಕರಣದ ನಂತರ ಪ್ರೋಗ್ರಾಮು ಡೇರಿಯಲ್ಲಿ ಮತ್ತೆ ತೆರೆದುಕೊಂಡಿತು.

ಸಹಿಯ ಚೀಟಿಯ ಪ್ರಶ್ನೆಯು ಉಳಿಯಿತು. ಇದು ಇಂಥವನೇ ಬರೆದುದು, ನಡುವೆ ಯಾರೂ ತಿದ್ದಿಲ್ಲ ಎಂದು ಸಾರುವ ಪ್ರಮಾಣಪತ್ರವನ್ನು ಕೊಡುವ ಸಂಸ್ಥೆಗಳಿವೆ. ಅದಕ್ಕೆ ವರ್ಷಕ್ಕೆ ಹಲವು ಸಾವಿರ ರೂಪಾಯಿ. 2023ರ ಜೂನ್ ತಿಂಗಳಿನಿಂದ ಅದರ ಗುಪ್ತ ಕೀಲಿಯನ್ನು ಯಂತ್ರದಲ್ಲಿ ಫೈಲಾಗಿ ಇಟ್ಟುಕೊಳ್ಳುವಂತೆಯೂ ಇಲ್ಲ, ಅದಕ್ಕೆಂದೇ ಮಾಡಿದ ಪ್ರತ್ಯೇಕವಾದ ಸಾಧನದಲ್ಲಿಡಬೇಕು. ದೊಡ್ಡ ಕಂಪೆನಿಗೆ ಇದೊಂದು ವೆಚ್ಚವಲ್ಲ. ಹಣ ಕೇಳದೆ ಡೇರಿಗೆ ಲೆಕ್ಕ ಬರೆದುಕೊಡುವವನಿಗೆ ಅದು ವೆಚ್ಚವೇ. ಸಾಧುತ್ವದ ಪತ್ರವನ್ನು ಕೊಳ್ಳಲಾರದವನು ಪ್ರತಿಸಲವೂ ಸಂಶಯಕ್ಕೆ ಒಳಗಾಗಬೇಕೆಂಬುದು ನ್ಯಾಯವೆಂದು ಯಾರೂ ಹೇಳಲಾರರು. ಆದರೂ ಈಗ ನಡೆದಿರುವುದು ಹಾಗೆಯೇ.

ತರುಣನು ಬೇರೊಂದು ಉಪಾಯವನ್ನು ಮಾಡಿದನು. ಬೆಲೆ ಬದಲಾದಾಗಲೆಲ್ಲ ಮತ್ತೆ ಕಟ್ಟುವುದರಿಂದಲ್ಲವೇ ಫೈಲು ಪ್ರತಿಸಲವೂ ಅಪರಿಚಿತವಾಗುವುದು? ಬದಲಾಗತಕ್ಕವುಗಳನ್ನೆಲ್ಲ, ಎಂದರೆ ಹಾಲಿನ ದರ, ಪಶು ಆಹಾರದ ಬೆಲೆ, ಸಾಲ ಹಿಡಿಯುವ ಕಂತು, ಇವನ್ನು ಪ್ರೋಗ್ರಾಮಿನಿಂದ ಹೊರತೆಗೆದು, ಬರಿಯ ಅಕ್ಷರಗಳ ಒಂದು ಚಿಕ್ಕ ಫೈಲಿನಲ್ಲಿ ಕನ್ನಡದಲ್ಲಿಯೇ ಬರೆದಿಟ್ಟನು. ಓಡತಕ್ಕ ಫೈಲು ಈಗ ತಿಂಗಳುಗಟ್ಟಲೆ ಇದ್ದಂತೆಯೇ ಇರುತ್ತದೆ. ಕಾವಲುಗಾರನಿಗೆ ಅದರ ಮುಖವು ಪರಿಚಿತವಾಗಿದೆ. ಪಶು ಆಹಾರದ ಬೆಲೆ ಆಮೇಲೆ ಎರಡು ಸಲ ಬದಲಾಯಿತು. ಎರಡು ಸಲವೂ ಕಾರ್ಯದರ್ಶಿಯೇ ಆ ಚಿಕ್ಕ ಫೈಲನ್ನು ತೆರೆದು, ಕನ್ನಡಕವನ್ನು ಮೇಲೇರಿಸಿಕೊಂಡು, ಒಂದು ಬೆರಳಿನಿಂದ ಹೊಸ ಅಂಕಿಯನ್ನು ಒತ್ತಿದನು. ಹಳೆಯ ಪುಸ್ತಕವನ್ನು ಮಾತ್ರ ಅವನು ಇನ್ನೂ ಬಿಟ್ಟಿಲ್ಲ; ಮೇಜಿನ ಖಾನೆಯಲ್ಲಿಟ್ಟುಕೊಂಡು, ಬಟವಾಡೆಯ ಒಟ್ಟು ಮೊತ್ತವನ್ನು ಅದರಲ್ಲಿಯೂ ಬರೆಯುತ್ತಾನೆ.